ಕಸದ ಗಾಡಿಯಲ್ಲಿ ಸಾರಿದ ತಪ್ಪು

ನಿಂಬೆ ಹೂವಿನ ವಾಸನೆ ಬಂದರೆ ಬೇರೆಯವರಿಗೆ ಏನೇನು ನೆನಪಾಗುತ್ತದೋ ಗೊತ್ತಿಲ್ಲ. ನನಗೆ ಸಿಟ್ಟು ಬರುತ್ತದೆ. ಹೋದ ವಾರ ಇಂಡಿಯಲ್ಲಿ ಬಸ್ಸಿಳಿದು, ಹಲಸಂಗಿ ಕಡೆಗೆ ಹೋಗುವ ಟೆಂಪೋದಲ್ಲಿ ಕಿಟಕಿ ಪಕ್ಕದ ಜಾಗ ಹಿಡಿದು ಕೂತಿದ್ದೆ. ಪೇಟೆ ದಾಟುತ್ತಿದ್ದಂತೆ ಮುಂಚಿತವಾಗಿ ನೀರು ಬಿಟ್ಟ ತೋಟಗಳಿಂದ ಆ ವಾಸನೆ ಒಳಗೆ ನುಗ್ಗಿತು. ಪಕ್ಕದಲ್ಲಿದ್ದ ಹೆಣ್ಣುಮಗಳು "ಎಷ್ಟ ಚಂದ ವಾಸನಿ ಬರ್ತೈತಲ್ರಿ" ಎಂದಳು. ನಾನು "ಹ್ಞೂಂ" ಎಂದೆ. ಮೂರು ವರ್ಷವಾಯಿತು, ಆ ಸಿಟ್ಟು ಇನ್ನೂ ಆರಿಲ್ಲ. ಆರಲಿ ಎಂದು ನನಗೂ ಅನ್ನಿಸಿಲ್ಲ.

ನಾನು ಕೃಷಿ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದವಳು. ಹುಟ್ಟಿದ್ದು ಬಸವನ ಬಾಗೇವಾಡಿ ಹತ್ತಿರದ ಒಂದು ಹಳ್ಳಿ. ಗ್ರಂಥಾಲಯದವಳೆಂದರೆ ಪುಸ್ತಕಕ್ಕೆ ಮುದ್ರೆ ಒತ್ತಿ ಕೊಡುವವಳು ಎಂದು ಜನ ತಿಳಿಯುತ್ತಾರೆ. ಆ ಕಾಲ ಹೋಯಿತು. ಈಗ ನಮ್ಮ ದೊಡ್ಡ ಕೆಲಸ ವಿಜ್ಞಾನಿಗಳನ್ನು ಅಳೆಯುವುದು. ಯಾರು ಎಷ್ಟು ಪ್ರಬಂಧ ಬರೆದರು, ಅದನ್ನು ಬೇರೆ ಎಷ್ಟು ಜನ ತಮ್ಮ ಪ್ರಬಂಧಗಳಲ್ಲಿ ಉಲ್ಲೇಖಿಸಿದರು, ಯಾವ ಯಾವ ಸಂಸ್ಥೆಯವರ ಸಹಯೋಗದಲ್ಲಿ ಬರೆದರು, ಅವರಲ್ಲಿ ಹೊರದೇಶದವರು ಇದ್ದಾರೋ ಇಲ್ಲವೋ, ಇದನ್ನೆಲ್ಲ ಕಂಪ್ಯೂಟರಿನಿಂದ ತೆಗೆದು ಕೂಡಿಸಿ ಒಬ್ಬೊಬ್ಬರ ಹೆಸರಿನ ಮುಂದೆ ಒಂದು ಅಂಕಿ ಬರೆದು ಕೊಡಬೇಕು. ಅದಕ್ಕೆ 'ಸಂಶೋಧನೆಯ ಪ್ರಭಾವ' ಎಂಬ ಭಾರಿ ಹೆಸರು. ಬಡ್ತಿ, ಅನುದಾನ, ನೌಕರಿ ಕಾಯಂ ಆಗುವುದು ಎಲ್ಲ ಆ ಅಂಕಿಯ ಮೇಲೆ. ನನಗೆ ಆ ಕೆಲಸ ಸೇರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ವಶೀಲಿ ಹಚ್ಚಿ ಮೇಲೆ ಹೋಗುವವರನ್ನು ಕಂಡು ಕಂಡು ಬೇಸತ್ತಿದ್ದೆ. ಅಂಕಿಗೆ ಮಾವನ ಮಗ, ಅತ್ತೆಯ ಮಗ ಎಂಬುದು ಗೊತ್ತಿರುವುದಿಲ್ಲ ಎಂದು ನಂಬಿದ್ದೆ.

ಆ ವರ್ಷ ಮಳೆಗಾಲದ ಕೊನೆಯಲ್ಲಿ ಇಂಡಿಯ ಹೊರಗಿರುವ ನಮ್ಮ ನಿಂಬೆ ಸಂಶೋಧನಾ ಕೇಂದ್ರಕ್ಕೆ ನನ್ನನ್ನು ಕಳಿಸಿದರು. ಅಲ್ಲಿಯ ವಿಜ್ಞಾನಿಗಳ ಪ್ರಭಾವದ ವರದಿ ತಯಾರಿಸಬೇಕಿತ್ತು. ತಂಗಿ ಶೋಭಾಳನ್ನು ಹಲಸಂಗಿ ದಾರಿಯ ಒಂದು ಹಳ್ಳಿಗೆ ಕೊಟ್ಟಿದ್ದರಿಂದ ಉಳಿಯಲು ಮನೆಯಿತ್ತು. ದಿನಾ ಟೆಂಪೋದಲ್ಲಿ ಹೋಗಿ ಬರುತ್ತಿದ್ದೆ. ಕೇಂದ್ರವೆಂದರೆ ಹೆಸರಿಗೆ ಕೇಂದ್ರ. ಇದ್ದ ವಿಜ್ಞಾನಿಗಳು ಇಬ್ಬರೇ: ಮುಖ್ಯಸ್ಥರಾದ ಸಾಹೇಬರು ಮತ್ತು ಸುಮಂಗಲಾ. ಸಾಹೇಬರ ಹೆಸರು ನಾನು ಬರೆಯುವುದಿಲ್ಲ. ಅದು ಈಗಾಗಲೇ ಬೇಕಾದ್ದಕ್ಕಿಂತ ಹೆಚ್ಚು ಕಡೆ ಅಚ್ಚಾಗಿದೆ.

ಸುಮಂಗಲಾ ಸಿಂದಗಿ ತಾಲೂಕಿನ ಮೋರಟಗಿಯವಳು. ಶಿಲೀಂಧ್ರಗಳ ಮೇಲೆ ಓದಿದವಳು. ಮೂವತ್ತು ದಾಟಿದ್ದಳು. ಉಗುರಿನ ಸಂದಿಯಲ್ಲಿ ಯಾವಾಗಲೂ ಮಣ್ಣು, ಸ್ಕೂಟಿಯ ಡಬ್ಬಿಯಲ್ಲಿ ಮಣ್ಣು ಕೆದರುವ ಒಂದು ಕುರ್ಪಿ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಅರ್ಧ ರೊಟ್ಟಿ, ಶೇಂಗಾ ಚಟ್ನಿ ನನ್ನ ಮುಂದೆ ಸರಿಸಿ "ಉಣ್ರಿ ಅಕ್ಕಾ, ಬರೇ ಲೆಕ್ಕಾ ಮಾಡಿದ್ರ ಹೊಟ್ಟಿ ತುಂಬತೈತೇನು" ಎನ್ನುವಳು. ಅವಳ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ದೀಪಾವಳಿಯಾದ ಮೇಲೆ ಸಮಿತಿ ಕೂತು, ನನ್ನ ವರದಿ ನೋಡಿ, ಅವಳನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ತೀರ್ಮಾನಿಸುವುದಿತ್ತು. ಅವಳಿಗೆ ಚಿಂತೆ ಇರಲಿಲ್ಲ, ನನಗೂ ಇರಲಿಲ್ಲ. ಯಾಕೆಂದರೆ ಅವಳ ಒಂದು ಪ್ರಬಂಧ ಉಲ್ಲೇಖಗಳಲ್ಲಿ ಇಡೀ ವಿಶ್ವವಿದ್ಯಾಲಯಕ್ಕೇ ಮುಂದಿತ್ತು.

ಆ ಪ್ರಬಂಧದ ಸಾರ ಇಷ್ಟು. ನಿಂಬೆಗೆ ದರ ಬರುವುದು ಬೇಸಿಗೆಯಲ್ಲಿ. ಬೇಸಿಗೆಗೆ ಕಾಯಿ ಕೈಗೆ ಸಿಗಬೇಕೆಂದರೆ ಮಳೆ ಮುಗಿಯುವ ಹೊತ್ತಿಗೆ ಗಿಡಕ್ಕೆ ನೀರು ನಿಲ್ಲಿಸಿ, ಎಲೆ ಬಾಡಿ ಉದುರುವ ತನಕ ಉಪವಾಸ ಕೆಡವಬೇಕು. ದಸರೆಯ ನಂತರದ ಸೀಗಿ ಹುಣ್ಣಿಮೆ ಕಳೆದ ಮೇಲೆ ಗೊಬ್ಬರ ಹಾಕಿ ನೀರು ಬಿಟ್ಟರೆ ಗಿಡ ಮೈತುಂಬ ಹೂವು ಹೊರುತ್ತದೆ. ಹಾಗೆ ಬಾಡಿಸಿದ ಗಿಡಕ್ಕೆ ಬೇರು ಕೊಳೆಯುವ ರೋಗ ಬೇಗ ತಗಲುತ್ತದೆ. ಸುಮಂಗಲಾ ಒಂದು ಒಳ್ಳೆಯ ಶಿಲೀಂಧ್ರವನ್ನು ಗೊಬ್ಬರದಲ್ಲಿ ಬೆಳೆಸಿದಳು. ಅದನ್ನು ಬೊಡ್ಡೆಗೆ, ಅಂದರೆ ಕಾಂಡದ ಬುಡಕ್ಕೆ, ಒತ್ತಿ ಏರಿಸಿದರೆ ರೋಗ ಬರುವುದಿಲ್ಲ ಎಂದು ಕೇಂದ್ರದ ಮಸಾರಿ, ಅಂದರೆ ಕೆಂಪು ಮಣ್ಣಿನ, ಹೊಲದಲ್ಲಿ ತೋರಿಸಿದಳು. ಸಾಹೇಬರು ಕೊನೆಯ ಲೇಖಕರಾಗಿ ತಮ್ಮ ಹೆಸರು ಸೇರಿಸಿದರು, ಹೊರದೇಶದ ಒಬ್ಬರ ಹೆಸರನ್ನೂ ಸೇರಿಸಿದರು. 'ಎಲ್ಲ ಬಗೆಯ ಮಣ್ಣಿಗೂ' ಎಂಬ ಮಾತನ್ನೂ ಅವರೇ ಸೇರಿಸಿದರು. ಹಾಗೆ ಬರೆದರೆ ಹೆಚ್ಚು ಜನ ಉಲ್ಲೇಖಿಸುತ್ತಾರಂತೆ.

ಖರೆ, ಉಲ್ಲೇಖಿಸಿದರು. ಯಾರು ಎಂದು ನಾನು ಕೂತು ನೋಡಿದೆ. ನೋಡುವುದು ನನ್ನ ಕೆಲಸವಾಗಿರಲಿಲ್ಲ, ಎಣಿಸಿದರೆ ಸಾಕಿತ್ತು. ಆದರೆ ಮಳೆ ಹಿಡಿದು ಕೂತಿತ್ತು, ಕರೆಂಟು ಇದ್ದಾಗ ಬೇರೆ ಉದ್ಯೋಗವೂ ಇರಲಿಲ್ಲ. ಆ ಪ್ರಬಂಧವನ್ನು ಉಲ್ಲೇಖಿಸಿದವರಲ್ಲಿ ಮುಕ್ಕಾಲು ಪಾಲು ಸಾಹೇಬರ ಬಳಗವೇ. ಅವರ ಶಿಷ್ಯರು, ಶಿಷ್ಯರ ಶಿಷ್ಯರು, ಸೆಮಿನಾರುಗಳಲ್ಲಿ ಶಾಲು ಹೊದಿಸಿದವರು, ಹೊದಿಸಿಕೊಂಡವರು. ಅವರ ಪ್ರಬಂಧಗಳನ್ನು ಸಾಹೇಬರು ಉಲ್ಲೇಖಿಸಿದ್ದರು, ಸಾಹೇಬರದನ್ನು ಅವರು. ನಮ್ಮ ಕಡೆ ಮದುವೆಯಲ್ಲಿ ಬಟ್ಟೆ ಉಡುಗೊರೆ ಕೊಟ್ಟು ಆಯೇರಿ ಮಾಡುತ್ತಾರಲ್ಲ, ಇವರ ಮನೆಯಲ್ಲಿ ಕೊಟ್ಟ ಕುಬಸದ ಖಣ ಅವರ ಮನೆಗೆ ಹೋಗಿ, ಅಲ್ಲಿಂದ ಮತ್ತೊಂದು ಮನೆಗೆ ಹೋಗಿ, ಕೊನೆಗೆ ಘಡಿ ಬಿಚ್ಚದೆ ನಮ್ಮ ಕೈಗೇ ಬರುತ್ತದೆ. ಯಾರೂ ಹೊಲಿಸಿ ತೊಟ್ಟಿರುವುದಿಲ್ಲ. ಉಲ್ಲೇಖಿಸಿದ ಅಷ್ಟೂ ಪ್ರಬಂಧಗಳನ್ನು ತೆರೆದು ನೋಡಿದೆ, ಒಬ್ಬನಾದರೂ ಸುಮಂಗಲಾಳ ಪ್ರಯೋಗವನ್ನು ತನ್ನ ಮಣ್ಣಿನಲ್ಲಿ ಮಾಡಿ ನೋಡಿರಲಿಲ್ಲ.

ನಾನು ಸಾಹೇಬರ ಎದುರು ಇದನ್ನು ಆಡಿದೆ. ಅವರು ನಕ್ಕರು. "ನೀವು ಲೈಬ್ರರಿಯವರು ಎಣಸ್ರಿ, ಸಾಕು. ಮಂದಿ ಓದಿ ಉಲ್ಲೇಖ ಮಾಡ್ಯಾರೋ ಓದಲಾರ್ದ ಮಾಡ್ಯಾರೋ, ಅಂಕಿ ಒಂದ ಅಲ್ಲೇನು?" ಎಂದರು. ಮೈ ಉರಿದುಹೋಯಿತು. ಆದರೂ ಬಾಯಿ ಬಿಗಿಹಿಡಿದೆ, ಯಾಕೆಂದರೆ ಅದೇ ಅಂಕಿಯಿಂದಲೇ ಸುಮಂಗಲಾಳ ನೌಕರಿ ಗಟ್ಟಿಯಾಗುವುದಿತ್ತು.

ಆ ವರ್ಷ ಉತ್ತರಿ ಮಳೆ ಬಿಟ್ಟೂಬಿಡದೆ ಹೊಡೆಯಿತು. ಎರೆ ಹೊಲಗಳ ಕಪ್ಪು ಮಣ್ಣಿನಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತಿತ್ತು. ಗಿಡ ಬಾಡಿಸಬೇಕಾದ ಹೊತ್ತಿನಲ್ಲಿ ಆಕಾಶವೇ ನೀರು ಸುರಿಯುತ್ತಿದೆಯಲ್ಲ ಎಂದು ರೈತರು ತಲೆಗೆ ಕೈ ಹಚ್ಚಿ ಕೂತಿದ್ದರು. ಅಂಥ ಒಂದು ದಿನ ಶೋಭಾಳ ನೆರೆಮನೆಯ ಸಿದ್ದಪ್ಪ ಕೇಂದ್ರಕ್ಕೆ ಬಂದ. ಕೊಡೆಯ ಕೆಳಗೆ ಒಂದು ತೊಗಟೆಯ ಚೂರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡಿದ್ದ.

"ಅಕ್ಕಾರ, ಗಿಡ ಅಂಟು ಸೋರಾಕತ್ತಾವ್ರಿ. ಹೋದ ವರ್ಷ ನಿಮ್ಮ ಮದ್ದು ಏರಿಸಿದ್ನಲ್ಲ, ಅವ ಗಿಡ. ಏರಿಸಲಾರದ ಗಿಡ ಚಂದ ಅದಾವ" ಎಂದು ಸುಮಂಗಲಾಳ ಮೇಜಿನ ಮೇಲಿಟ್ಟ.

ಅವಳು ತೊಗಟೆಯನ್ನು ಮೂಸಿ ನೋಡಿದಳು. "ಅಕ್ಕಾ, ಬರ್ತೀರೇನು?" ಎಂದಳು. ಮೂವರೂ ಹೊರಟೆವು, ಸಿದ್ದಪ್ಪ ತನ್ನ ಗಾಡಿಯಲ್ಲಿ, ನಾನು ಇವಳ ಸ್ಕೂಟಿಯ ಹಿಂದೆ.

ಸಿದ್ದಪ್ಪನ ತೋಟ ಪೂರ್ತಿ ಎರೆಮಣ್ಣು. ಸುಮಂಗಲಾ ಕೆಸರಿನಲ್ಲೇ ಮೊಣಕಾಲೂರಿ ಬೊಡ್ಡೆಗೆ ಏರಿಸಿದ್ದ ಗೊಬ್ಬರವನ್ನು ಕುರ್ಪಿಯಿಂದ ಕೆದರಿದಳು. ಒಳಗೆ ಗೊಬ್ಬರ ನೀರು ಹಿಡಿದು ಹಿಟ್ಟಿನಂತಾಗಿತ್ತು. ಕಾಂಡದ ತೊಗಟೆ ಕಪ್ಪಗಾಗಿ ಬೆರಳಿಗೆ ಸುಲಿದು ಬಂತು, ಹುಳಿ ನಾತ ಹೊಡೆಯಿತು. ಅವಳು ಮುಂದಿನ ಗಿಡಕ್ಕೆ ಹೋದಳು, ಅದರ ಮುಂದಿನದಕ್ಕೆ ಹೋದಳು. ಏಳುವಾಗ ಕೈಯನ್ನು ಸೀರೆಗೇ ಒರೆಸಿಕೊಂಡಳು.

"ಮಸಾರಿಯೊಳಗ ನೀರು ಬಸದು ಹೋಗತೈತಿ. ಎರಿಯೊಳಗ ನಿಂದರತೈತಿ. ನಾ ಏರಿಸಿದ್ದು ಬೇರನ್ನ ಕಾಯಲಿಲ್ಲ, ಕಾಂಡ ಕೊಳಸ್ತು" ಎಂದಳು.

"ಎಲ್ಲಾ ಮಣ್ಣಿಗೂ ಅಂತ ಬರದಾಂವ ಸಾಹೇಬ ಅಲ್ಲೇನ?" ಎಂದೆ ನಾನು.

"ಬರದಾಂವ ಅಂವ ಇರಬಹುದು. ಅಳಸಲಾರ್ದ ಬಿಟ್ಟಾಕಿ ನಾನಲ್ರಿ ಅಕ್ಕಾ" ಎಂದಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಅಷ್ಟು ನೆಟ್ಟಗೆ ಮಾತಾಡುವವರನ್ನು ಈ ಲೋಕ ಬದುಕಲು ಬಿಡುವುದಿಲ್ಲ ಎಂದು ಗೊತ್ತಿತ್ತು.

ಆ ವಾರವೆಲ್ಲ ಅವಳು ಎರೆ ತೋಟಗಳನ್ನು ತಿರುಗಿದಳು. ಎಲ್ಲ ಕಡೆ ಅದೇ ಕಥೆ. ಹೋದ ವರ್ಷ ಕೆಲವರಷ್ಟೇ ಮದ್ದು ಏರಿಸಿದ್ದರು. ಈ ವರ್ಷ ಕೇಂದ್ರದ ಪ್ರಚಾರ ಕೇಳಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಲ್ಲ ಕಡೆಯವರೂ ಸೀಗಿ ಹುಣ್ಣಿಮೆ ಕಳೆಯುತ್ತಲೇ ಏರಿಸಲು ಕಾದಿದ್ದರು. ಹುಣ್ಣಿಮೆ ಹತ್ತಿರ ಬಂದಿತ್ತು. ಸುಮಂಗಲಾ ಒಂದು ತಿದ್ದುಪಡಿಯ ಪ್ರಕಟಣೆ ಬರೆದು ಸಾಹೇಬರ ಸಹಿಗೆ ಒಯ್ದಳು. ಬಾಗಿಲ ಹೊರಗೆ ನಾನಿದ್ದೆ.

"ಹುಚ್ಚ ಹಿಡದೈತೇನು ನಿನಗ?" ಸಾಹೇಬರ ದನಿ. "ದೀಪಾವಳಿ ಆದಮ್ಯಾಲ ನಿನ್ನ ಸಮಿತಿ ಐತಿ. ನಮ್ಮ ಪ್ರಬಂಧ ತಪ್ಪು ಅಂತ ನಾವ ಸಾರಿದ್ರ ಆ ಉಲ್ಲೇಖ ಎಲ್ಲಾ ಮಣ್ಣ ಪಾಲು. ಕಾಯಂ ಆಗೂತನಕ ಬಾಯಿ ಮುಚ್ಚಿಕೊಂಡು ಕುಂದ್ರು. ಆಮ್ಯಾಲ ಬೇಕಾರ ಎರಿ ಭೂಮಿಯೊಳಗ ಹಿಂಗಾಗತೈತಿ ಅಂತ ಇನ್ನೊಂದು ಪ್ರಬಂಧ ಬರಿ. ಅದಕ್ಕೂ ಉಲ್ಲೇಖ ಬರ್ತಾವ."

"ಆಮ್ಯಾಲ ಅಂದ್ರ ಗಿಡ ಇರೂದಿಲ್ರಿ ಸರ್."

"ಗಿಡ ನಿಂದಲ್ಲ. ನೌಕರಿ ನಿಂದು."

ಇಂಥ ಮಾತನ್ನು ಓದಿದ ಮನುಷ್ಯ ಆಡುತ್ತಾನೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಕಿವಿಯಾರೆ ಕೇಳಿದೆ. ಸುಮಂಗಲಾ ಹೊರಗೆ ಬಂದು, ನಲ್ಲಿಯ ಕೆಳಗೆ ಉಗುರಿನ ಮಣ್ಣು ತೊಳೆದುಕೊಂಡಳು. ಪ್ರಬಂಧ ಅಚ್ಚಾದ ಜರ್ನಲ್ಲಿಗೂ ಅವಳು ಬರೆದಿದ್ದಳು. ಹಿಂಪಡೆಯಬೇಕಾದರೆ ಎಲ್ಲ ಲೇಖಕರ ಸಹಿ ಬೇಕು ಎಂದು ಉತ್ತರ ಬಂದಿತ್ತು. ಅದಕ್ಕೂ ಸಾಹೇಬರ ಸಹಿ ಬೇಕಿತ್ತು. ಅವಳ ಮನೆಯಲ್ಲಿ ತಂಗಿಯ ಓದು, ಅಪ್ಪನ ಔಷಧಿ ಎಲ್ಲ ಈ ನೌಕರಿಯ ಮೇಲೆಯೇ ನಡೆದಿತ್ತು. ಸುಮ್ಮನಿರು ಎಂದು ನಾನೂ ಹೇಳಬಹುದಿತ್ತು. ಹೇಳಲಿಲ್ಲ.

"ನಮ್ಮೂರಾಗ ಎಲ್ಲಾರಿಗೂ ಗೊತ್ತಾಗಬೇಕಾದ್ರ ಡಂಗುರ ಹೊಡಸ್ತೀವ್ರಿ" ಎಂದ ಸಿದ್ದಪ್ಪ, ಸಂಜೆ ಶೋಭಾಳ ಕಟ್ಟೆಯ ಮೇಲೆ ಕೂತು ವಿಷಯ ಕೇಳಿದ ಮೇಲೆ. "ಓದಾಕ ಬರಲಾರ್ದವರಿಗೂ ಮುಟ್ಟತೈತಿ."

"ಹಂಗಾರ ಹೊಡಸೂಣು" ಎಂದಳು ಸುಮಂಗಲಾ, ಒಂದು ಗಳಿಗೆಯೂ ಯೋಚಿಸದೆ.

ಹಿಂದೆ ಹಲಗೆ ಬಾರಿಸಿ ಡಂಗುರ ಸಾರುತ್ತಿದ್ದ ಮನೆಗೆ ನಾವಿಬ್ಬರೂ ಹೋದೆವು. ಬಾಗಿಲ ಮೇಲೆ ಬುದ್ಧನ ಪಟ. ಮಗಳು ಸುಜಾತಾ ಹೊರಗೆ ಬಂದಳು. ಮಹಿಳಾ ಸಂಘದಿಂದ ತರಬೇತಿ ಪಡೆದು ಗ್ರಾಮ ಪಂಚಾಯತಿಯ ಕಸದ ಗಾಡಿ ನಡೆಸುವವಳು. ಹಲಗೆ ಎಂದು ಕೇಳಿದ್ದೇ ಹುಬ್ಬು ಗಂಟಿಕ್ಕಿದಳು.

"ಅದು ಈ ಮನ್ಯಾಗ ಬಂದ್ ಆಗಿ ಭಾಳ ವರ್ಷ ಆತ್ರಿ. ನಮ್ಮಪ್ಪನ ಮುಂದ ಕೇಳಬ್ಯಾಡ್ರಿ. ಯಾರ ಮನಿ ಸುದ್ದಿಗೂ ನಾವು ಬಡಿಯೂದಿಲ್ಲ" ಎಂದಳು.

"ತಪ್ಪಾತು ತಂಗಿ, ಕೇಳಬಾರದಿತ್ತು" ಎಂದಳು ಸುಮಂಗಲಾ. ನಾವು ತಿರುಗಿದೆವು.

"ಏನ್ ಸಾರೂದಿತ್ತು?" ಎಂದಳು ಸುಜಾತಾ ಬೆನ್ನ ಹಿಂದಿನಿಂದ. ಸುಮಂಗಲಾ ಹೇಳಿದಳು. ಸುಜಾತಾ ಬಾಯಿಗೆ ಸೆರಗು ಹಿಡಿದು ನಕ್ಕಳು. "ನೀವು ಮಾಡಿದ ತಪ್ಪ ನೀವ ಊರಿಗೆಲ್ಲಾ ಸಾರತೀರಿ? ಓದಿದವರೊಳಗ ಇಂಥವ್ರನ್ನ ನಾ ನೋಡಿಲ್ಲ ಬಿಡ್ರಿ. ನನ್ನ ಗಾಡಿಗೆ ಮೈಕ್ ಐತಿ. ಕಸದ ಗಾಡಿಯೊಳಗ ಕುಂದ್ರಾಕ ನಾಚಿಕಿ ಇಲ್ಲಂದ್ರ ಮುಂಜಾನೆ ಬರ್ರಿ."

ಮುಂಜಾನೆ ಹೋದೆವು. ಗಾಡಿಯಲ್ಲಿ ಕಸದ ಹಾಡು ಹಾಕುವ ಸಣ್ಣ ಯಂತ್ರವಿತ್ತು. ಅದರಲ್ಲಿ ಸುಜಾತಾ ಸುಮಂಗಲಾಳ ದನಿ ಹಿಡಿದಳು. ಸುಮಂಗಲಾ ಕಾಗದ ನೋಡದೆ ಹೇಳಿದಳು: "ನಾ ಸುಮಂಗಲಾ, ಇಂಡಿ ನಿಂಬಿ ಕೇಂದ್ರದಾಕಿ. ನಿಂಬಿಗಿಡದ ಬೊಡ್ಡಿಗೆ ಗೊಬ್ಬರದ ಮದ್ದು ಒತ್ತಿ ಏರಸ್ರಿ ಅಂತ ಹೇಳಿದ್ದೆ. ಎರಿ ಭೂಮಿಯೊಳಗ ಅದು ತಪ್ಪು. ತಪ್ಪು ನಂದು. ಏರಿಸಿದವರು ಇವತ್ತ ಕೆದರಿ ತಗೀರಿ. ಏರಿಸಲಾರದವರು ಏರಸಬ್ಯಾಡ್ರಿ. ಬೊಡ್ಡಿ ಬತ್ತಲ ಇರಲಿ, ಗಾಳಿ ಆಡಲಿ."

ಗಾಡಿ ಓಣಿ ಓಣಿ ತಿರುಗಿತು. ಹಸಿ ಕಸ, ಒಣ ಕಸದ ಹಾಡು ನಿಲ್ಲುತ್ತಿತ್ತು, ಅವಳ ದನಿ ಬರುತ್ತಿತ್ತು. ಜನ ಬಕೆಟ್ಟು ಹಿಡಿದು ಬಂದವರು ಹಾಗೇ ನಿಂತು ಕೇಳುತ್ತಿದ್ದರು. ಸುಮಂಗಲಾ ಯಂತ್ರವನ್ನು ಕಳಿಸಿ ಮನೆಯಲ್ಲಿ ಕೂರಲಿಲ್ಲ, ಗಾಡಿಯಲ್ಲೇ ಸುಜಾತಾಳ ಪಕ್ಕದಲ್ಲಿ ಕೂತಿದ್ದಳು. ನಾನು ಹಿಂದೆ ನಡೆದು ಹೋಗುತ್ತಿದ್ದೆ. ಬೈದವರು ಬೈದರು. ಊರ ಅಗಸಿಬಾಗಿಲ ಹತ್ತಿರ ಒಬ್ಬ ಮುದುಕಿ ಗಾಡಿಗೆ ಅಡ್ಡ ನಿಂತು, "ನಿನ್ನ ಮಾತ ಕೇಳಿ ನನ್ನ ಮಗ ಅಗದಿ ಶ್ರದ್ಧಾದಿಂದ ಏರಿಸ್ಯಾನ. ಅರ್ಧ ಗಿಡ ಒಣಗ್ಯಾವ. ಈಗ ನಿನ್ನ ತಪ್ಪು ಕಟಗೊಂಡು ನಾ ಏನ್ ಮಾಡ್ಲಿ?" ಎಂದು ಕೂಗಿದಳು.

ಸುಮಂಗಲಾ ಇಳಿದಳು. "ಒಣಗಿದ್ದು ನನ್ನ ಕೈಯಿಂದ ಬರೂದಿಲ್ಲವ್ವಾ. ಉಳದಿದ್ದು ಉಳಸೂಣು, ನಡಿ" ಎಂದು ಅವಳ ಹಿಂದೆ ತೋಟಕ್ಕೆ ಹೋದಳು. ಮಧ್ಯಾಹ್ನದವರೆಗೆ ಆ ತೋಟದ ಬೊಡ್ಡೆಗಳನ್ನು ಕೆದರಿದಳು. ಮುದುಕಿ ಬೈಯುತ್ತಲೇ ಇದ್ದಳು, ಬೈಯುತ್ತಲೇ ಕುಡಿಯಲು ಮಜ್ಜಿಗೆ ಕೊಟ್ಟಳು.

ಒಂದು ಹಳ್ಳಿಗೆ ಹೇಳಿದರೆ ಉಳಿದ ಹಳ್ಳಿಗಳ ಗತಿಯೇನು ಎಂದು ನಾನು ಚಿಂತೆ ಮಾಡುತ್ತಿದ್ದರೆ, ಸುಜಾತಾ ಮೊಬೈಲು ತೆಗೆದಳು. "ನಮ್ಮ ಕಸದ ಗಾಡಿ ಡ್ರೈವರ್‌ಗೋಳ ಗ್ರೂಪ್ ಐತ್ರಿ. ಎಲ್ಲಾ ಹೆಣ್ಮಕ್ಕಳ ಅದೇವಿ, ನಾಕೂ ತಾಲೂಕಿನವ್ರು. ಹಾಕೇನಿ" ಎಂದಳು. ಸಂಜೆಗೆ ಸಿಂದಗಿ ಕಡೆಯಿಂದ ಒಬ್ಬಳು ತನ್ನ ಗಾಡಿಯಿಂದ ಅದೇ ದನಿ ಬರುತ್ತಿರುವ ವಿಡಿಯೋ ಕಳಿಸಿದಳು. ಮರುದಿನ ನಮ್ಮ ಬಾಗೇವಾಡಿಯ ಹತ್ತಿರದ ಹಳ್ಳಿಯಿಂದ ನಮ್ಮವ್ವ ಫೋನ್ ಮಾಡಿ, "ಯಾವಾಕಿನೋ ಒಬ್ಬಾಕಿ ಕಸದ ಗಾಡಿಯೊಳಗ ತನ್ನ ತಪ್ಪ ತಾನ ಹೇಳಾಕತ್ತಾಳ. ನಿಮ್ಮ ಕಚೇರಿಯಾಕಿ ಅಂತಲ್ಲ?" ಎಂದು ಕೇಳಿದಳು. ಸೀಗಿ ಹುಣ್ಣಿಮೆ ಕಳೆದು ಹೊಲಕ್ಕೆ ಹೋದ ಜನ ಮದ್ದು ಏರಿಸಲಿಲ್ಲ.

ಸಾಹೇಬರು ಏನು ಮಾಡಿದರು? ಮೇಲಿನವರಿಗೆ ಪತ್ರ ಬರೆದರು. ಕಸದ ಗಾಡಿಯಲ್ಲಿ ವಿಶ್ವವಿದ್ಯಾಲಯದ ಮರ್ಯಾದೆ ಹರಾಜಾಯಿತಂತೆ. ಗಿಡ ಕೊಳೆತಾಗ ಹೋಗದ ಮರ್ಯಾದೆ, ಗೊಬ್ಬರ ಕೆದರಿ ತೆಗೆಯಿರಿ ಎಂದಾಗ ಹೋಯಿತು!

ದೀಪಾವಳಿಯಾದ ಮೇಲೆ ಸಮಿತಿ ಕೂತಿತು. ವರದಿ ಓದುವವಳು ನಾನೇ. ನನಗೆ ಗೊತ್ತಿದ್ದ ಒಂದೇ ವಿದ್ಯೆಯಿಂದ ಅವಳನ್ನು ಉಳಿಸಬೇಕೆಂದು ಹೊರಟಿದ್ದೆ. ಪ್ರಬಂಧವನ್ನು ಉಲ್ಲೇಖಿಸಿದವರು ಯಾರು, ಅವರು ಒಬ್ಬರನ್ನೊಬ್ಬರು ಹೇಗೆ ಉಲ್ಲೇಖಿಸಿಕೊಂಡಿದ್ದಾರೆ ಎಂದು ಚಿತ್ರ ಬರೆದು ತೋರಿಸಿದೆ. ಅದರ ಪಕ್ಕದಲ್ಲೇ ಅವಳ ತಿದ್ದುಪಡಿ ಯಾವ ಯಾವ ಹಳ್ಳಿಗೆ ಮುಟ್ಟಿತು ಎಂದು ತೋರಿಸಿದೆ. ಸಹಯೋಗದ ಕಾಲಮಿನಲ್ಲಿ ಸುಜಾತಾಳ ಹೆಸರು ಬರೆದಿದ್ದೆ.

"ಈ ತಿದ್ದುಪಡಿ ಯಾವ ಜರ್ನಲ್‌ನಾಗ ಬಂದೈತ್ರಿ?" ಎಂದರು ಅಧ್ಯಕ್ಷರು.

"ಜರ್ನಲ್‌ನಾಗ ಬರಾಕ ಒಬ್ರು ಸಹಿ ಮಾಡಿಲ್ರಿ. ಅದಕ್ಕ ಕಸದ ಗಾಡಿಯೊಳಗ ಬಂತು."

ಮೇಜಿನ ಸುತ್ತ ಕೂತವರು ನಕ್ಕರು. ನಗಲಿ, ಅದಕ್ಕೆ ನನಗೇನಿಲ್ಲ. ಆಮೇಲೆ ಅವರು ಕೊಟ್ಟ ತೀರ್ಪು ಕೇಳಿ. ಪ್ರಬಂಧ ತಪ್ಪು ಎಂದು ಸುಮಂಗಲಾ ಸ್ವತಃ ಸಾರ್ವಜನಿಕವಾಗಿ ಒಪ್ಪಿಕೊಂಡಿದ್ದಾಳೆ. ಆದ್ದರಿಂದ ಅದರ ಉಲ್ಲೇಖಗಳನ್ನು ಅವಳ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಆದರೆ ಜರ್ನಲ್ಲು ಪ್ರಬಂಧವನ್ನು ಹಿಂಪಡೆದಿಲ್ಲ, ಹಾಗಾಗಿ ಅದೇ ಉಲ್ಲೇಖಗಳು ಸಾಹೇಬರ ಲೆಕ್ಕಕ್ಕೆ ಸಲ್ಲುತ್ತವೆ. ಒಂದೇ ಪ್ರಬಂಧ! ಬರೆದವಳಿಗೆ ಅದು ಇಲ್ಲ, ಹೆಸರು ಅಂಟಿಸಿದವನಿಗೆ ಇದೆ.

"ಇದಕ್ಕ ಲೆಕ್ಕ ಅಂತಾರೇನ್ರಿ?" ಎಂದು ನಾನು ಎದ್ದು ನಿಂತು ಕೂಗಿದೆ. "ಖರೆ ಹೇಳಿದಾಕಿದು ಕಳೀತೀರಿ, ಸುಳ್ಳ ಮುಚ್ಚಿಟ್ಟಾಂವಂದು ಕೂಡಸ್ತೀರಿ. ನಾಚಿಕಿ ಬರೂದಿಲ್ಲ?" ಅಧ್ಯಕ್ಷರು ನೀರಿನ ಲೋಟವನ್ನು ನನ್ನ ಕಡೆಗೆ ಸರಿಸಿ, "ಕುಂದ್ರಿ ಮೇಡಂ, ನಿಯಮ ನಾವು ಮಾಡಿದ್ದಲ್ಲ" ಎಂದರು. ಸಹಯೋಗದ ಕಾಲಮಿನಲ್ಲಿದ್ದ ಸುಜಾತಾಳ ಹೆಸರಿನ ಮೇಲೆ ಒಬ್ಬ ಸದಸ್ಯ ಪೆನ್ನಿನಿಂದ ಗೆರೆ ಎಳೆಯುತ್ತಿದ್ದ. ನಾನು ನೋಡುತ್ತಿದ್ದಂತೆಯೇ ಎಳೆದ.

ಸುಮಂಗಲಾಳನ್ನು ಬಿಡುಗಡೆ ಮಾಡಿದರು. ಹೌದು, ಆ ಪತ್ರದಲ್ಲಿ ಹಾಗೇ ಬರೆದಿದ್ದರು, ಬಿಡುಗಡೆ ಎಂದು. ಅವಳು ಸ್ಕೂಟಿಯ ಡಬ್ಬಿಯಲ್ಲಿ ಕುರ್ಪಿ ಇಟ್ಟುಕೊಂಡು ಹೋದಳು. ಈಗ ಮುದ್ದೇಬಿಹಾಳದ ಒಂದು ಖಾಸಗಿ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತಾಳೆ. ಭಾನುವಾರ ಯಾರದಾದರೂ ತೋಟಕ್ಕೆ ಹೋಗುತ್ತ ಇರುತ್ತಾಳಂತೆ. ಸಾಹೇಬರು ಮೇಲಿನ ಹುದ್ದೆಗೆ ಹೋದರು. ಮೊನ್ನೆ ಮೊನ್ನೆ ಅವರಿಗೆ ಜೀವಮಾನದ ಸಾಧನೆಯ ಪ್ರಶಸ್ತಿ ಕೊಡುವುದಕ್ಕೆ ನಮ್ಮ ಗ್ರಂಥಾಲಯದಿಂದ ಉಲ್ಲೇಖಗಳ ಲೆಕ್ಕ ಕೇಳಿದರು. ತೆಗೆದು ನೋಡಿದೆ. ಎಲ್ಲಕ್ಕಿಂತ ಮೇಲೆ ಅದೇ ಪ್ರಬಂಧ. ಈ ಮೂರು ವರ್ಷಗಳಲ್ಲಿ ಇನ್ನಷ್ಟು ಬೆಳೆದಿತ್ತು. ಎಲ್ಲ ಬಗೆಯ ಮಣ್ಣಿಗೂ ಎಂಬ ಮಾತು ಇನ್ನೂ ಅಲ್ಲೇ ಇತ್ತು. ನಾನು ಆ ಅಂಕಿ ಕೊಡುವುದಿಲ್ಲ ಎಂದು ರಜೆ ಬರೆದಿಟ್ಟು ಶೋಭಾಳ ಮನೆಗೆ ಹೊರಟೆ. ಅಂಕಿಯನ್ನು ಬೇರೆ ಯಾರೋ ಕೊಟ್ಟಿರುತ್ತಾರೆ. ಅದಕ್ಕೇನು ಪಂಡಿತರು ಬೇಕಾಗಿಲ್ಲ.

ಬಂದ ಮರುದಿನ ಮುಂಜಾನೆ ಓಣಿಯಲ್ಲಿ ಕಸದ ಗಾಡಿಯ ಹಾಡು ಕೇಳಿಸಿತು. ಶೋಭಾ ರೊಟ್ಟಿ ಬಡಿಯುತ್ತಿದ್ದಳು, ಬಕೆಟ್ಟು ಹಿಡಿದು ನಾನೇ ಹೊರಗೆ ಬಂದೆ. ಗಾಡಿ ಹತ್ತಿರ ಬರುತ್ತಿದ್ದಂತೆ ಹಾಡು ನಿಂತಿತು. "ನಾ ಸುಮಂಗಲಾ, ಇಂಡಿ ನಿಂಬಿ ಕೇಂದ್ರದಾಕಿ" ಎಂದಿತು ಮೈಕು.

ನಾನು ಬಕೆಟ್ಟನ್ನು ಕೆಳಗಿಟ್ಟೆ. ಸುಜಾತಾ ಗಾಡಿ ನಿಲ್ಲಿಸಿ ನಕ್ಕಳು. "ಬಂದೀರೇನ್ರಿ ಅಕ್ಕಾ? ಸೀಗಿ ಹುಣ್ಣಿವಿಯಿಂದ ದೀಪಾವಳಿ ಮಟಾ ಪ್ರತಿ ವರ್ಷ ಇದನ್ನ ಹಚ್ತೇನ್ರಿ. ಹೊಸಬರು ಗಿಡಾ ಹಚ್ಚಿರ್ತಾರ, ಅವರಿಗೆ ಗೊತ್ತಿರೂದಿಲ್ಲ. ಗ್ರೂಪ್‌ನಾಗಿನವರೂ ಹಚ್ತಾರ."

ನನಗೆ ಒಮ್ಮೆಲೇ ಏನಾಯಿತೋ, ಅಲ್ಲೇ ನಿಂತು ಸುಮಂಗಲಾಳಿಗೆ ಫೋನ್ ಮಾಡಿದೆ. "ಏನೂ ಮಾತಾಡಬ್ಯಾಡ, ಕೇಳು" ಎಂದು ಫೋನನ್ನು ಮೈಕಿನ ಕಡೆಗೆ ಹಿಡಿದೆ. ಅವಳ ದನಿ ಅವಳಿಗೇ ಪೂರ್ತಿ ಕೇಳಿಸಿದ ಮೇಲೆ ಕಿವಿಗೆ ಹಚ್ಚಿಕೊಂಡೆ. ಅಳುತ್ತಿದ್ದಾಳೆ ಎಂದುಕೊಂಡೆ.

"ಅಕ್ಕಾ, ಅದರಾಗ ಒಂದು ಬಿಟ್ಟು ಹೋಗೇತ್ರಿ" ಎಂದಳು.

"ಏನು?"

"ಈಗ ಎಲ್ಲಾರೂ ಹನಿ ನೀರಾವರಿ ಮಾಡ್ಯಾರ. ಬೊಡ್ಡಿ ಬತ್ತಲ ಇಟ್ಟು, ಅದರ ಬುಡಕ್ಕ ಪೈಪ್ ಇಟ್ರ ಮತ್ತ ಅದ ರೋಗ. ಹೋದ ಭಾನುವಾರ ಇಲ್ಲೊಂದು ತೋಟದಾಗ ನೋಡೇನಿ. ಫೋನ್ ಸುಜಾತಾಗ ಕೊಡ್ರಿ."

ಸಿಟ್ಟು ನೆತ್ತಿಗೇರಿತು. "ನಿನಗ ಇನ್ನೂ ಬುದ್ಧಿ ಬಂದಿಲ್ಲೇನು? ತಿದ್ದಾಕ ಹೋಗಿ ನೌಕರಿ ಕಳಕೊಂಡಿ. ಆ ಮನಿಹಾಳ ಅಲ್ಲಿ ಹಾರ ಹಾಕಿಸ್ಕೊಳ್ಳಾಕತ್ತಾನ, ನೀ ಇನ್ನೂ ಪುಕ್ಕಟೆ ತಿದ್ದಕೋತ ಕುಂತಿ" ಎಂದು ಓಣಿಯ ನಡುವೆ ನಿಂತು ಕೂಗಾಡಿದೆ. ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಯಾರ ಮೇಲಿನ ಸಿಟ್ಟನ್ನು ಯಾರ ಮೇಲೆ ಹಾಕುತ್ತಿದ್ದೇನೆ ಎಂಬುದು ನನಗೆ ಗೊತ್ತಿತ್ತು, ಆದರೂ ನಿಲ್ಲಿಸಲಾಗಲಿಲ್ಲ.

ಅವಳು ಪೂರ್ತಿ ಕೇಳಿಸಿಕೊಂಡಳು. "ಆಮ್ಯಾಲ ಇನ್ನೂ ಬಯ್ಯುವಿರಂತ ಅಕ್ಕಾ. ಮೊದಲ ಫೋನ್ ಕೊಡ್ರಿ. ನೀರು ಬಿಡೂ ಹೊತ್ತಾಗೇತಿ" ಎಂದಳು.

ಕೊಟ್ಟೆ. ಸುಜಾತಾ ಫೋನನ್ನು ಯಂತ್ರದ ಹತ್ತಿರ ಹಿಡಿದು ಗುಂಡಿ ಒತ್ತಿದಳು. "ನಾ ಸುಮಂಗಲಾ, ಇಂಡಿ ನಿಂಬಿ ಕೇಂದ್ರ..." ಎಂದು ಶುರುಮಾಡಿದವಳು ಗಪ್ಪನೆ ನಿಂತಳು. ಸುಜಾತಾ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ಅದನ್ನ ಅಳಸು ಸುಜಾತಾ. ಮೊದಲಿಂದ ಹಿಡಿ" ಎಂದಿತು ಫೋನು.

ಗುಂಡಿ ಮತ್ತೆ ಒತ್ತಿದ ಸದ್ದು. "ನಾ ಸುಮಂಗಲಾ, ಮೋರಟಗಿಯಾಕಿ. ಹೋದ ಸಲ ಹೇಳಿದ್ರಾಗ ಒಂದು ಬಿಟ್ಟಿದ್ದೆ."

ಎದುರಿನ ಬಾಗಿಲಲ್ಲಿ ಜನ ಗುಸುಗುಸು ಮಾತಾಡುತ್ತಿದ್ದರು. ಸಿದ್ದಪ್ಪ ಹಲ್ಲುಜ್ಜುತ್ತಿದ್ದವನು ಬೇವಿನ ಕಡ್ಡಿ ಬಾಯಿಂದ ತೆಗೆದು ಓಣಿಗೆಲ್ಲ ಕೇಳುವಂತೆ ಗದರಿದ.

"ಏ, ಸುಮ್ನ ನಿಂದರ್ರಲೇ. ಆಕಿ ಮತ್ತ ತಿದ್ದಾಕತ್ತಾಳ."